ಶನಿವಾರ ತಾತಂದು, ಭಾನುವಾರ ಮಕ್ಕಳ್ದು: ಭೋಗನಂದೀಶ್ವರ, ಆಮೇಲೆ ವಂಡರ್‌ಲಾ

ಚಿಕ್ಕಬಳ್ಳಾಪುರದಲ್ಲಿ ಮನೆ ಇದೆ ಅಂದ್ರೆ ನೆಂಟ್ರು ಯಾರೇ ಬರ್ಲಿ ಚಪ್ಪಲಿ ಬಿಡೋಕೆ ಮುಂಚೆನೇ "ನಂದಿಬೆಟ್ಟಕ್ಕೆ ಹೋಗಣ್ವಾ" ಅಂತಾರೆ. ಹೋಗ್ಬಹುದು, ಬೇಡ ಅಂತಿಲ್ಲ, ಆದ್ರೆ ಶನಿವಾರ ಭಾನುವಾರ ಬೆಳಗಿನ ಜಾವಕ್ಕೇ ಬೆಂಗಳೂರಿನ ಬೈಕು ಕಾರೆಲ್ಲ ಚೆಕ್‌ಪೋಸ್ಟ್ ಹತ್ರ ಸಾಲುಗಟ್ಟಿ ನಿಂತಿರ್ತವೆ, ಕಷ್ಟಪಟ್ಟು ಮೇಲೆ ಹತ್ತಿದ್ರೆ ಈ ಚಳಿಗಾಲದಲ್ಲಿ ಸೂರ್ಯ ಎಲ್ಲಿ ಕಾಣ್ತಾನೆ, ಬರೀ ಮಂಜು, ಮಂಜಿನೊಳಗೆ ಸೆಲ್ಫಿ ಸ್ಟಿಕ್ಕು. ಅದೇ ಬೆಟ್ಟದ ಬುಡದಲ್ಲಿ, ನಂದಿ ಊರೊಳಗೆ, ಸಾವಿರದ ಇನ್ನೂರು ವರ್ಷ ಹಳೇ ದೇವಸ್ಥಾನ ಇದೆ, ಅದನ್ನ ನೋಡದೆ ವಾಪಸ್ ಹೋಗೋರೇ ಜಾಸ್ತಿ. ನಮ್ಮ ಮಾವನಿಗೆ ಇದೇ ಕೋಪ.

ಈ ಸಲ ಬಂಗಾರಪೇಟೆಯಿಂದ ನಾದಿನಿ, ಅವಳ ಗಂಡ, ಎರಡು ಮಕ್ಕಳು ಬರ್ತೀವಿ ಅಂದ್ರು. ಮಕ್ಕಳು ದಸರಾದಿಂದ ವಂಡರ್‌ಲಾ ವಂಡರ್‌ಲಾ ಅಂತ ಪ್ರಾಣ ತಿಂತಿದ್ವು. ಮಾವ ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರ್ ಆದೋರು, ದುಡ್ಡಿನ ವಿಷಯದಲ್ಲಿ ಬಲು ಬಿಗಿ. "ಅಷ್ಟು ದುಡ್ಡು ಸುರಿದು ನೀರಲ್ಲಿ ನೆನೆಯಾಕೆ ಬಿಡದಿಗಂಟ ಹೋಗ್ಬೇಕಾ, ಬೋರ್ ಆನ್ ಮಾಡಿ ಪೈಪ್ ಹಿಡಿತೀನಿ ಬರ್ರಿ" ಅಂದ್ರು. ಕೊನೆಗೆ ಒಪ್ಪಂದ ಆಯ್ತು. ಶನಿವಾರ ತಾತ ಕರ್ಕೊಂಡು ಹೋದಲ್ಲಿಗೆ ಎಲ್ರೂ ಬರ್ಬೇಕು, ಮೊಬೈಲ್ ಮುಟ್ಟಂಗಿಲ್ಲ, "ಬೋರು" ಅನ್ನಂಗಿಲ್ಲ. ಭಾನುವಾರ ಮಕ್ಕಳು ಹೇಳಿದ ಕಡೆ ತಾತ ಬರ್ಬೇಕು, ರೇಟ್ ಬಗ್ಗೆ ಮಾತಾಡಂಗಿಲ್ಲ. ನಮ್ಮನೆಯವರು ಸಾಕ್ಷಿ.

ಶುಕ್ರವಾರ ರಾತ್ರಿ

ಅವರು ಬಂದಾಗ ಒಂಬತ್ತು ಗಂಟೆ. ಅವರೆಕಾಯಿ ಕಾಲ ಅಲ್ವಾ, ಸಾಯಂಕಾಲದಿಂದ ಅತ್ತೆ ಮೊರ ಇಟ್ಕೊಂಡು ಹಿತುಕಿ ಹಿತುಕಿ ಒಂದು ಪಾತ್ರೆ ಬೇಳೆ ಮಾಡಿಟ್ಟಿದ್ರು, ಹಿತುಕಿದ ಬೇಳೆ ಸಾರು, ಮುದ್ದೆ. ನಾದಿನಿ ಊರಿಂದ ಪಾನಿಪೂರಿ ಸಾಮಾನು ಕಟ್ಟಿಸ್ಕೊಂಡು ಬಂದಿದ್ಲು, ಬಂಗಾರಪೇಟೆದು ನೀರಿನ ತರ ತಿಳಿಯಾಗಿರುತ್ತೆ ನೋಡಿ, ಅದೇ. ಮಕ್ಕಳು ಮುದ್ದೆ ಬಿಟ್ಟು ಅದಕ್ಕೇ ಬಿದ್ವು. ಮಲಗಿದ್ದು ಎಷ್ಟೊತ್ತಿಗೋ.

ಶನಿವಾರ

ಭಾನುವಾರಕ್ಕೆ ಅಂತ ಬುಕ್ ಮಾಡಿದ್ದ ಟಿಟಿ (ಟೆಂಪೋ ಟ್ರಾವೆಲರ್) ಡ್ರೈವರು ಶನಿವಾರಾನೂ ಬರ್ತೀನಿ ಅಂದ, ಹತ್ತು ಜನಕ್ಕೆ ಅದೇ ಅನುಕೂಲ. ನಂದಿ ನಮ್ಮಿಂದ ಹತ್ತು ಕಿಲೋಮೀಟರ್ ಒಳಗೇ, ಎಂಟು ಗಂಟೆಗೆಲ್ಲ ದೇವಸ್ಥಾನದ ಮುಂದೆ ಇದ್ವಿ. ಬೆಟ್ಟದ ಅರ್ಧಕ್ಕೆ ಮೋಡ ಇಳಿದಿತ್ತು. ಆ ಹೊತ್ತಿಗೆ ಜನ ಇಲ್ಲ, ಒಂದು ಪ್ರೀ ವೆಡ್ಡಿಂಗ್ ಫೋಟೋದವರ ಜೋಡಿ ಬಿಟ್ರೆ ನಾವೇ.

ಗೊತ್ತಿಲ್ಲದೋರಿಗೆ ಹೇಳ್ತೀನಿ, ಇಲ್ಲಿ ದೊಡ್ಡ ಪ್ರಾಕಾರದೊಳಗೆ ಅಕ್ಕಪಕ್ಕ ಎರಡು ಶಿವನ ಗುಡಿ. ದಕ್ಷಿಣಕ್ಕೆ ಅರುಣಾಚಲೇಶ್ವರ, ಉತ್ತರಕ್ಕೆ ಭೋಗನಂದೀಶ್ವರ, ನಡುವೆ ಚಿಕ್ಕದಾಗಿ ಉಮಾಮಹೇಶ್ವರ. ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದೀಶ್ವರ ಯೌವನ, ಬೆಟ್ಟದ ಮೇಲಿರೋ ಯೋಗನಂದೀಶ್ವರ ಸನ್ಯಾಸ, ಹಿಂಗೆ ಹೇಳ್ತಾರೆ. ಅದಕ್ಕೇ ಶಿವರಾತ್ರಿ ತೇರು ಜಾತ್ರೆ ಎಲ್ಲ ಕೆಳಗೆ, ಮೇಲಿರೋ ಸನ್ಯಾಸಿಗೆ ಆ ಸಡಗರ ಇಲ್ಲ. ಕ್ರಿ.ಶ. 806ರ ಹೊತ್ತಿನ ನೊಳಂಬರ ಶಾಸನದಲ್ಲೇ ಇಲ್ಲಿನ ಶಿವನ ಗುಡಿ ವಿಷಯ ಬರುತ್ತೆ, ಆಗ ರಾಷ್ಟ್ರಕೂಟರ ಮೂರನೇ ಗೋವಿಂದನ ಕಾಲ. 810ರ ಸುಮಾರಿನ ಬಾಣರ ತಾಮ್ರಪಟಾನೂ ಇದೆ. ಆಮೇಲೆ ಗಂಗರು, ಚೋಳರು, ಹೊಯ್ಸಳರು, ವಿಜಯನಗರದವರು, ನಮ್ಮ ಚಿಕ್ಕಬಳ್ಳಾಪುರದ ಪಾಳೇಗಾರರು, ಬಂದ ಬಂದೋರೆಲ್ಲ ಏನಾದ್ರೂ ಸೇರಿಸಿದಾರೆ, ಯಾರೂ ಕೆಡವೋಕೆ ಹೋಗಿಲ್ಲ. ಇಷ್ಟನ್ನ ಮಾವ ಒಂದೇ ಉಸಿರಲ್ಲಿ ಹೇಳಿದ್ರು. ನನ್ನ ಮಗ ಒಪ್ಪಂದ ನೆನೆಸ್ಕೊಂಡು ಆಕಳಿಕೆ ನುಂಗ್ಕೊಂಡ.

ನನಗೆ ಇಲ್ಲಿ ಇಷ್ಟ ಆಗೋದು ನಡುವಿನ ಉಮಾಮಹೇಶ್ವರನ ಮುಂದಿರೋ ಕಲ್ಯಾಣ ಮಂಟಪ. ನಾಲ್ಕು ಕರಿಕಲ್ಲಿನ ಕಂಬ, ಕೈ ಇಟ್ರೆ ಜಾರೋ ಅಷ್ಟು ನುಣುಪು. ಶಿವ ಪಾರ್ವತಿ, ವಿಷ್ಣು ಲಕ್ಷ್ಮಿ, ಬ್ರಹ್ಮ ಸರಸ್ವತಿ, ಅಗ್ನಿ ಸ್ವಾಹಾದೇವಿ, ಎಲ್ಲ ಜೋಡಿ ಜೋಡಿ ದೇವ್ರು. ಮೊಬೈಲ್ ಟಾರ್ಚ್ ಹಾಕಿ (ಟಾರ್ಚಿಗೆ ಮಾತ್ರ ಪರ್ಮಿಷನ್) ಓರೆಯಾಗಿ ಬೆಳಕು ಬಿಟ್ರೆ ದೇವರ ಸುತ್ತ ಇರೋ ಸಣ್ಣ ಕೆಲಸ ಎದ್ದು ಕಾಣುತ್ತೆ, ಬಳ್ಳಿ, ಬಳ್ಳಿ ಸುತ್ತಿ ಹೋದಲ್ಲೆಲ್ಲ ಒಂದೊಂದು ಹಕ್ಕಿ, ಒಂದೊಂದು ಎಲೆಗೂ ನರ ತೆಗೆದಿದಾನೆ ಪುಣ್ಯಾತ್ಮ, ಉಗುರು ಹೋಗೋಷ್ಟು ಜಾಗ ಇಲ್ಲ ಅಲ್ಲೂ ಉಳಿ ಆಡ್ಸಿದಾನೆ. ಅತ್ತೆ ಹೂ ಕಟ್ಟೋರು, ಮಾರ್ಕೆಟ್ ಅಂಗಡಿಗೆ ಈಗ್ಲೂ ಕಟ್ಟಿಕೊಡ್ತಾರೆ, ಅವರು ದೇವ್ರ ಮುಖ ನೋಡ್ಲೇ ಇಲ್ಲ, ಲಕ್ಷ್ಮಿ ಕೊರಳಿನ ಹಾರ ನೋಡಿ "ಇದು ಕಟ್ಟಿರಾದಲ್ಲ, ಪೋಣಿಸಿರಾದು" ಅಂತ ತೀರ್ಮಾನ ಕೊಟ್ರು. ಹೊಸದಾಗಿ ಮದುವೆಯಾದೋರು ಇಲ್ಲಿ ಬಂದು ಪೂಜೆ ಮಾಡ್ಸೋ ವಾಡಿಕೆ ಇದೆ, ನಾವೂ ಮದುವೆಯಾದ ಹೊಸದ್ರಲ್ಲಿ ಬಂದಿದ್ವಿ, ಆಗ ಈ ಕಂಬ ಇದ್ದಿದ್ದೇ ಗೊತ್ತಾಗಿರ್ಲಿಲ್ಲ, ಅಷ್ಟು ಜನ, ಅಷ್ಟು ಫೋಟೋ.

ಮಾವನ ಕಣ್ಣು ಬೇರೆ ಕಡೆ. ಅವರು ತಲೆ ಎತ್ತಿ ಕಲ್ಲಿನ ತೊಲೆ ಕಂಬದ ಮೇಲೆ ಎಲ್ಲಿ ಕೂತಿದೆ ಅಂತ ನೋಡ್ತಾ ನಿಂತ್ಬಿಟ್ರು. ನನ್ನ ಮಗನ್ನ ಕರೆದು "ನೋಡ್ಲಾ, ಗಾರೆ ಇಲ್ಲ, ಸಿಮೆಂಟ್ ಇಲ್ಲ, ಭಾರದ ಮೇಲೇ ನಿಂತೈತೆ, ಕಂಬದ ತಲೆ ಮೇಲಿನ ಕಲ್ಲು, ಈ ಬೋದಿಗೆ, ಎರಡೂ ಕಡೆ ಚಾಚ್ಕಂಡೈತೆ ಯಾಕೆ ಹೇಳು" ಅಂದ್ರು. ಅವನಿಗೆ ಹೊಳೀಲಿಲ್ಲ. ಕಲ್ಲಿನ ತೊಲೆ ತುಂಬ ಉದ್ದ ಆದ್ರೆ ಮಧ್ಯಕ್ಕೆ ಮುರಿಯುತ್ತೆ, ಬೋದಿಗೆ ಚಾಚಿದಷ್ಟೂ ತೊಲೆಗೆ ಆಧಾರ ಇಲ್ಲದ ಉದ್ದ ಕಮ್ಮಿ ಆಗುತ್ತೆ, ಅದಕ್ಕೇ ಹಳೇ ದೇವಸ್ಥಾನಗಳಲ್ಲಿ ಕಂಬದ ಕಾಡು ಇರೋದು. ಇದನ್ನ ನೆಲದ ಧೂಳಲ್ಲಿ ಬೆರಳಿಂದ ಗೀರಿ ತೋರ್ಸಿದ್ರು. ಅವನು ಇದಕ್ಕೆ ಮಾತ್ರ ಕಿವಿ ಕೊಟ್ಟ, ರಾಜರ ಹೆಸರಿಗಲ್ಲ. ನನ್ನ ಕೇಳಿದ್ರೆ ಮಕ್ಕಳನ್ನ ದೇವಸ್ಥಾನಕ್ಕೆ ಕರ್ಕೊಂಡು ಹೋದಾಗ ಯಾರು ಕಟ್ಟಿದ್ರು ಅನ್ನೋದನ್ನ ಆಮೇಲೆ ಹೇಳಿ, ಇದು ಯಾಕೆ ಬೀಳಲ್ಲ ಅನ್ನೋದನ್ನ ಮೊದಲು ಹೇಳಿ.

ಭೋಗನಂದೀಶ್ವರನ ಗೋಡೆಯ ಕಲ್ಲಿನ ಜಾಲಂಧ್ರದಲ್ಲಿ ಕುಣಿಯೋ ಶಿವ ಇದಾನೆ, ಕೋಣನ ತಲೆ ಮೇಲೆ ನಿಂತ ದುರ್ಗೆ ಇದಾಳೆ. ಕಿಟಕೀನೂ ಹೌದು ವಿಗ್ರಹಾನೂ ಹೌದು, ಒಳಗಿಂದ ನೋಡಿದ್ರೆ ಅವರ ಕೈಕಾಲಿನ ಸಂದಿಯಿಂದ ಬಿಸಿಲು ಬರುತ್ತೆ. ಚೋಳರ ರಾಜೇಂದ್ರನದು ಅಂತ ಹೇಳೋ ಒಂದು ವಿಗ್ರಹಾನೂ ಒಳಗಿದೆ. ಅರುಣಾಚಲೇಶ್ವರನ ಹತ್ರ ಸಿಂಹದ ಮುಖದ ಗಣಪ. ನಾದಿನಿ ಮಗಳು, ಇನ್ನೂ ಒಂದನೇ ಕ್ಲಾಸು, "ಸೊಂಡಿಲು ಎಲ್ಲಿ" ಅಂತ ಜೋರಾಗಿ ಕೇಳಿದ್ಲು, ಅರ್ಚಕರು ನಕ್ಕು ಒಂದು ಬಾಳೆಹಣ್ಣು ಜಾಸ್ತಿ ಕೊಟ್ರು.

ಆಮೇಲೆ ಪಕ್ಕದ ಬಾಗಿಲಿಂದ ಹೋದ್ರೆ ಕಲ್ಯಾಣಿ, ಶೃಂಗಿ ತೀರ್ಥ. ನಂದಿ ಕೊಂಬಿಂದ ನೆಲ ತಿವಿದು ಗಂಗೆ ತರ್ಸಿದ್ದು ಅಂತ ಕತೆ, ದಕ್ಷಿಣ ಪಿನಾಕಿನಿ ಹುಟ್ಟೋದೇ ಇಲ್ಲಿಂದ ಅಂತಾನೂ ಹೇಳ್ತಾರೆ. ನಾಲ್ಕೂ ಕಡೆ ಮೆಟ್ಟಿಲು ಕೆಳಗಿಳಿದು ಹೋಗಿ ಹಸಿರು ನೀರಲ್ಲಿ ಮುಳುಗುತ್ತೆ. ಮಕ್ಕಳು ಮೆಟ್ಟಿಲ ಮೇಲೆ ಹತ್ತಿ ಇಳಿದು ಓಡಾಡೋಕೆ ಶುರು ಮಾಡಿದ್ವು, ನಮ್ಮನೆಯವರು ಹಿಂದೆ ಹಿಂದೆ "ಏಯ್ ನೀರು, ಏಯ್ ಪಾಚಿ" ಅಂತ. ಅರ್ಧ ಗಂಟೆ ಅಲ್ಲೇ ಕೂತ್ವಿ. ಬೆಟ್ಟದ ಮೇಲಿನ ಮೋಡ ಎದ್ದು ಬಂಡೆ ಕಾಣ್ತು. ಅದರ ಮೇಲಿನ ಕೋಟೆ ಹೈದರು ಟಿಪ್ಪು ಗಟ್ಟಿ ಮಾಡ್ಸಿದ್ದು, ಇಂಗ್ಲೀಷರು 1791ರ ಅಕ್ಟೋಬರಲ್ಲಿ ಕಿತ್ಕೊಂಡಿದ್ದು. ಇಷ್ಟು ಕಡಿದಾದ ಬಂಡೆ ಹೆಂಗೆ ಹತ್ತಿದ್ರೋ ಅಂತ ನಾದಿನಿ ಗಂಡ ಕೇಳಿದ್ರೆ ಮಾವ "ಅವರಿಗೇನು ಚೆಕ್‌ಪೋಸ್ಟ್ ಇತ್ತಾ" ಅಂದ್ರು.

ಅಲ್ಲಿಂದ ಮುದ್ದೇನಹಳ್ಳಿ. ಇದು ಮಾವನ ಕೋಟಾದಲ್ಲಿ ಎರಡನೇದು, ಮೆಕ್ಯಾನಿಕ್ ಆದೋರಿಗೆ ವಿಶ್ವೇಶ್ವರಯ್ಯನವರು ದೇವರಿಗಿಂತ ಒಂದು ಮೆಟ್ಟಿಲು ಕೆಳಗೆ ಅಷ್ಟೇ. ಹುಟ್ಟಿದ ಮನೆ ಮ್ಯೂಸಿಯಂ ಮಾಡಿದಾರೆ, ಸಮಾಧೀನೂ ಅದೇ ಊರಲ್ಲಿ. 1955ರ ಭಾರತ ರತ್ನ, ಮೈಸೂರಿನ ದಿವಾನ್‌ಗಿರಿ, ಕನ್ನಂಬಾಡಿ ಎಲ್ಲ ಮಕ್ಕಳಿಗೆ ಸ್ಕೂಲಲ್ಲೇ ಗೊತ್ತು, ಮಾವ ಹೇಳಿದ್ದು ಖಡಕ್‌ವಾಸ್ಲಾ ಡ್ಯಾಮಿನ ಗೇಟಿನ ವಿಷಯ, ಪುಣೆ ಹತ್ರ 1903ರಲ್ಲಿ ಹಾಕಿದ್ದು, ನೀರು ಇಂತಿಷ್ಟು ಏರಿದ್ರೆ ತಾನೇ ತೆರ್ಕೊಳ್ಳುತ್ತೆ, ಇಳಿದ್ರೆ ತಾನೇ ಮುಚ್ಕೊಳ್ಳುತ್ತೆ. ಹೆಂಗೆ ಅಂತ ವಿವರ್ಸೋಕೆ ಶುರು ಮಾಡಿದ್ರು, ಅಷ್ಟೊತ್ತಿಗೆ ಎಲ್ರಿಗೂ ಹೊಟ್ಟೆ ಹಸಿದಿತ್ತು.

ಮನೆಗೆ ಬಂದು ಊಟ, ನಿದ್ದೆ. ಸಾಯಂಕಾಲ ಆವಲಗುರ್ಕಿ ಹತ್ರ ಆದಿಯೋಗಿಗೆ ಹೋದ್ವಿ, 112 ಅಡಿ ಶಿವನ ಮೂರ್ತಿ, 2023ರ ಸಂಕ್ರಾಂತಿಗೆ ಓಪನ್ ಆಗಿದ್ದು. ಲೈಟ್ ಶೋ ಚೆನ್ನಾಗಿತ್ತು. ಟ್ರಾಫಿಕ್ ಬಗ್ಗೆ ಬರೆಯೋಕೆ ಹೋದ್ರೆ ಇದೇ ಒಂದು ಪುರಾಣ ಆಗುತ್ತೆ, ಬಿಡಿ.

ಭಾನುವಾರ

ಬೆಳಿಗ್ಗೆ ಆರೂವರೆಗೆ ಹೊರಟ್ವಿ. ಹೊರಗೆ ಮಂಜು ಎಷ್ಟಿತ್ತಂದ್ರೆ ಎದುರುಮನೆ ಗೇಟು ಕಾಣ್ತಿರ್ಲಿಲ್ಲ. ಡ್ರೈವರು "ಹೆಬ್ಬಾಳದ ಮೇಲೆ ಬೇಡಕ್ಕ, ಭಾನುವಾರ ಆದ್ರೂ ನಂಬಂಗಿಲ್ಲ" ಅಂತ ದೊಡ್ಡಬಳ್ಳಾಪುರ, ನೆಲಮಂಗಲ, ಅಲ್ಲಿಂದ ತುಮಕೂರು ರೋಡಲ್ಲಿ ನೈಸ್ ರೋಡಿಗೆ ಹತ್ತಿ ಮೈಸೂರು ರೋಡಿಗೆ ಇಳಿಸ್ದ. ಸುತ್ತು ಅನ್ಸುತ್ತೆ ಆದ್ರೆ ಎಲ್ಲೂ ನಿಲ್ಲಲ್ಲ. ಮೈಸೂರು ರೋಡಲ್ಲಿ ಒಂದು ಜ್ಞಾಪಕ ಇಟ್ಕೊಳ್ಳಿ, ಎಕ್ಸ್‌ಪ್ರೆಸ್‌ವೇ ಮೇಲೆ ಭರ್ ಅಂತ ಹೋದ್ರೆ ಎಲ್ಲೋ ಹೋಗ್ತೀರಾ, ಸರ್ವೀಸ್ ರೋಡಲ್ಲೇ ಇರ್ಬೇಕು.

ಪಾರ್ಕ್ ಗೇಟು ತೆಗೆಯೋದು ಹನ್ನೊಂದಕ್ಕೆ. ನಾವು ಪಾರ್ಕ್ ದಾಟಿ ಬಿಡದಿಗೇ ಹೋಗಿ ತಟ್ಟೆ ಇಡ್ಲಿ ತಿಂದ್ವಿ, ಬೆಣ್ಣೆ ಮೇಲೆ ಕರಗ್ತಾ ಇರ್ಬೇಕು, ಕೆಂಪು ಚಟ್ನಿ ಪಕ್ಕದಲ್ಲಿ. ಒಳಗೆ ಹೊರಗಿನ ತಿಂಡಿ ಬಿಡಲ್ಲ, ಆದ್ದರಿಂದ ಹೊಟ್ಟೆ ತುಂಬ ತಿಂದು ಹೋಗೋದೇ ಜಾಣತನ. ನಾದಿನಿ ಗಂಡ ಇದನ್ನ ತೀರಾ ಸೀರಿಯಸ್ಸಾಗಿ ತಗೊಂಡು ನಾಲ್ಕು ತಿಂದ್ರು, ಇದರ ಫಲ ಮುಂದೆ ಬರುತ್ತೆ.

ವಂಡರ್‌ಲಾ ಇಲ್ಲಿ ಶುರುವಾಗಿದ್ದು 2005ರಲ್ಲಿ, 82 ಎಕರೆ ಅಂತಾರೆ. ಟಿಕೆಟ್ ಆನ್‌ಲೈನಲ್ಲಿ ಮೊದಲೇ ಮಾಡ್ಸಿದ್ವಿ, ಹಿರಿಯ ನಾಗರಿಕರಿಗೆ ರೇಟು ಸ್ವಲ್ಪ ಕಮ್ಮಿ ಇರೋದ್ರಿಂದ ಮಾವನ ಮುಖ ಸ್ವಲ್ಪ ಸಡಿಲ ಆಯ್ತು. ನೀರಿನ ಆಟ ಮಧ್ಯಾಹ್ನದ ಹೊತ್ತಿಗೆ ಶುರುವಾಗೋದು, ಹಂಗಾಗಿ ಮೊದಲು ಒಣ ರೈಡ್ ಮುಗಿಸ್ಕೊಂಡು ಬಿಸಿಲೇರಿದ ಮೇಲೆ ನೀರಿಗೆ ಇಳಿಯೋದು ಸರಿ. ನೆಂದ ಬಟ್ಟೇಲಿ ಜನವರಿ ಗಾಳಿಗೆ ರೋಲರ್ ಕೋಸ್ಟರ್ ಹತ್ತೋದು ಯಾರಿಗೆ ಬೇಕು.

ಮಗ, ನಾದಿನಿ ಮಗ, ನಾದಿನಿ ಗಂಡ ಮೂರೂ ಜನ ಸೀದಾ ರಿಕಾಯ್ಲ್ ಅನ್ನೋ ರೋಲರ್ ಕೋಸ್ಟರಿಗೆ ಓಡಿದ್ರು. ಕ್ಯೂ ಮುಕ್ಕಾಲು ಗಂಟೆ. ಮಾವ ರೈಡ್ ಹತ್ತಲ್ಲ ಅಂದ್ರು, ಆದ್ರೆ ಬೇಲಿ ಪಕ್ಕ ನಿಂತು ನೋಡೋಕೆ ಶುರು ಮಾಡಿದೋರು ಅಲ್ಲಿಂದ ಕದಲ್ಲಿಲ್ಲ. ಗಾಡಿನ ಹಿಂದಕ್ಕೆ ಎಳ್ಕೊಂಡು ಹೋಗಿ ತುದಿಗೆ ನಿಲ್ಲಿಸುತ್ತೆ, ಅಲ್ಲಿಂದ ಬಿಟ್ರೆ ಕೆಳಗಿಳಿದು, ತಲೆಕೆಳಗಾಗಿ ಸುತ್ತಿ, ಆ ಕಡೆ ಏರಿ, ಮತ್ತೆ ಅದೇ ಹಳಿ ಮೇಲೆ ಹಿಂದ್ಹಿಂದಕ್ಕೇ ವಾಪಸ್ಸು. "ಇದರಲ್ಲಿ ಎಂಜಿನ್ನೇ ಇಲ್ಲ ಕಣಮ್ಮ, ಎಳಿಯೋಗಂಟ ಮೋಟ್ರು, ಬಿಟ್ಮೇಲೆ ಬರೀ ಭಾರ" ಅಂದ್ರು ನನಗೆ, ಹಿಂದಿನ ದಿನ ಕಂಬದ ಕೆಳಗೆ ಮಾತಾಡಿದ ಅದೇ ದನಿ. ಬ್ರೇಕ್ ಎಲ್ಲಿದೆ ಅಂತ ಬಗ್ಗಿ ಬಗ್ಗಿ ಹುಡುಕ್ತಿದ್ರು. ಅಲ್ಲಿ ನಿಂತಿದ್ದ ಸ್ಟಾಫ್ ಹುಡುಗ ಮೊದಲು "ಸರ್ ಹಿಂದೆ ಬನ್ನಿ" ಅಂದೋನು, ಇವರು ಡಿಪೋ ಮೆಕ್ಯಾನಿಕ್ ಅಂತ ಗೊತ್ತಾದ ಮೇಲೆ ಬೆಳಿಗ್ಗೆ ಜನ ಬಿಡೋಕೆ ಮುಂಚೆ ಖಾಲಿ ಓಡಿಸಿ ಚೆಕ್ ಮಾಡೋದನ್ನೆಲ್ಲ ಹೇಳ್ದ. ಡಿಪೋದಲ್ಲೂ ಹಂಗೇ ಮಾಡ್ತಿದ್ವಿ ಅಂತ ಇವರು. ಆ ಕಡೆ ನಾದಿನಿ ಗಂಡ ಇಳಿದು ಬಂದು ಮರದ ಕೆಳಗೆ ಮಾತಿಲ್ಲದೆ ಕೂತ್ರು. ನಾಲ್ಕು ತಟ್ಟೆ ಇಡ್ಲಿ. ಜಾಸ್ತಿ ಬರೆಯಲ್ಲ.

ಚಿಕ್ಕ ಮಕ್ಕಳ ಜೊತೆ ಹೋಗೋರು ಎತ್ತರದ ವಿಷಯ ಮನೇಲೇ ಹೇಳಿ ಕರ್ಕೊಂಡು ಹೋಗಿ. ಪ್ರತಿ ರೈಡ್ ಮುಂದೆ ಅಳತೆ ಪಟ್ಟಿ ಇರುತ್ತೆ, ಕಮ್ಮಿ ಇದ್ರೆ ಬಿಡಲ್ಲ, ಬಿಡಲೂಬಾರದು. ನಾದಿನಿ ಮಗಳು ಮೊದಲನೇ ಪಟ್ಟೀಲಿ ಫೇಲು, ಎರಡನೇದ್ರಲ್ಲಿ ತುದಿಗಾಲಲ್ಲಿ ನಿಂತ್ಲು, ಸಿಕ್ಕಿಬಿದ್ಲು, ಮೂರನೇದಕ್ಕೆ ನೆಲದ ಮೇಲೆ ಉರುಳಾಡಿ ಅತ್ತಳು. ಕೊನೆಗೆ ಸ್ಕೈ ವೀಲ್ ಸಿಕ್ತು, ಎತ್ತರದ ಕಟ್ಟಡದ ತಲೆ ಮೇಲೆ ಕೂರಿಸಿರೋ ದೊಡ್ಡ ಜೈಂಟ್ ವೀಲು, ಅದಕ್ಕೆ ಅತ್ತೆ ಮಾವನೂ ಬಂದ್ರು. ಮೇಲಿಂದ ಮೈಸೂರು ರೋಡು ದಾರದ ಹಾಗೆ, ಆ ಕಡೆ ಕಲ್ಲುಬೆಟ್ಟ. ಅತ್ತೆ ಕಣ್ಣು ಮುಚ್ಕೊಂಡು ಸರಳು ಹಿಡಿದು ಮಂಜುನಾಥನ್ನ ಕರೀತಿದ್ರು, ಮಾವ ನಮ್ಮೂರು ಯಾವ ದಿಕ್ಕಿಗಿದೆ ಅಂತ ಸೂರ್ಯನ್ನ ನೋಡಿ ಲೆಕ್ಕ ಹಾಕ್ತಿದ್ರು.

ನೀರಿನ ಕಡೆ ಹತ್ತಿ ಬಟ್ಟೆ, ಸೀರೆ ಎಲ್ಲ ನಡೆಯಲ್ಲ, ನೈಲಾನೇ ಆಗ್ಬೇಕು. ನಾದಿನಿ ಅಮ್ಮನಿಗೂ ಅಂತ ಒಂದು ಜೊತೆ ತಂದಿದ್ಲು, ಅತ್ತೆ ಅದನ್ನ ಮುಟ್ಟಿ ಕೂಡ ನೋಡ್ಲಿಲ್ಲ. "ನೀವು ಹೋಗ್ರೇ, ನಾನು ಬ್ಯಾಗ್ ನೋಡ್ಕಂತೀನಿ" ಅಂತ ನೆರಳಲ್ಲಿ ಕೂತ್ರು, ಲಾಕರ್ ತಗೊಂಡಿದೀವಿ ಅಮ್ಮ ಅಂದ್ರೂ ಕೇಳ್ಲಿಲ್ಲ. ನಾವು ವಾಪಸ್ ಬರೋ ಹೊತ್ತಿಗೆ ಮಂಡ್ಯ ಕಡೆಯ ಒಬ್ಬ ಅಜ್ಜಿ ಪರಿಚಯ ಆಗಿ, ಅವರ ಸೊಸೆ ಜಾತಕ ಎಲ್ಲ ಗೊತ್ತಾಗಿತ್ತು. ಖುಷಿಯಾಗೇ ಇದ್ರು.

ವೇವ್ ಪೂಲ್ ಬಗ್ಗೆ ನನ್ನ ಅಭಿಪ್ರಾಯ, ಮಕ್ಕಳ ಕೈ ಬಿಡಬೇಡಿ, ಅಷ್ಟೇ. ಸೈರನ್ ಹೊಡೆದ ತಕ್ಷಣ ಜನ ಎಲ್ಲ ಆಳದ ಕಡೆಗೇ ನುಗ್ತಾರೆ. ರೇನ್ ಡಿಸ್ಕೋ ಮಾತ್ರ ನನಗೆ ನಿಜವಾಗ್ಲೂ ಇಷ್ಟ ಆಯ್ತು, ಕತ್ತಲೆ ರೂಮು, ಮೇಲಿಂದ ಬಿಸಿನೀರಿನ ಮಳೆ, ಕಿವಿ ಕಿತ್ತೋಗೋ ಹಾಡು, ಯಾರು ಹೆಂಗೆ ಕುಣಿತಿದಾರೆ ಯಾರಿಗೂ ಕಾಣಲ್ಲ. ನಮ್ಮನೆಯವರು ಮದುವೆ ಬ್ಯಾಂಡಿಗೂ ಕಾಲು ಎತ್ತದೋರು, ಅಲ್ಲಿ ಅರ್ಧ ಗಂಟೆ ಕುಣಿದ್ರು. ಹೊರಗೆ ಬಂದ ಮೇಲೆ ಕೇಳಿದ್ರೆ "ಚಳಿ ಆಗ್ತಿತ್ತು, ಅದಕ್ಕೆ" ಅಂತೆ.

ಹೊರಡುವಾಗ ಆರು ದಾಟಿತ್ತು. ದಾರೀಲಿ ಒಂದು ಹೋಟೆಲಲ್ಲಿ ಊಟಕ್ಕೆ ನಿಲ್ಲಿಸಿದ್ವಿ, ಹೆಸರು ಬೇಡ, ಚಪಾತಿ ಬರೋಕೆ ನಲವತ್ತು ನಿಮಿಷ, ಬಂದಿದ್ದು ಪಕ್ಕದ ಟೇಬಲಿಂದು. ನೈಸ್ ರೋಡ್ ಹತ್ತೋಷ್ಟೊತ್ತಿಗೆ ಚಿಕ್ಕೋರು ಮಲಗಿದ್ರು. ನನ್ನ ಮಗ ಮಾತ್ರ ಎದ್ದಿದ್ದ, ನನ್ನ ಫೋನ್ ಇಸ್ಕೊಂಡು ಏನೋ ಹುಡುಕ್ತಾ ಇದ್ದ. ಆಮೇಲೆ ಮುಂದಿನ ಸೀಟಿಗೆ ಹೋಗಿ,

"ತಾತ, ಗೋಲ್ಕೊಂಡ ಕೋಟೆ ನೋಡಿದೀಯಾ?"

"ಇಲ್ಲ ಕಣೋ."

"ಬಾಗಿಲ ಹತ್ರ ಚಪ್ಪಾಳೆ ತಟ್ಟಿದ್ರೆ ಮೇಲೆ ತುದೀಲಿ ಕೇಳುತ್ತಂತೆ. ಅದು ಹೆಂಗೆ ಅಂತ ನೀನೇ ಹೇಳ್ಬೇಕು. ನಮ್ಮೂರ ಹೈವೇ ಇದೆಯಲ್ಲ, ನಲವತ್ನಾಲ್ಕು, ಅದೇ ಸೀದಾ ಹೈದರಾಬಾದಿಗೆ ಹೋಗುತ್ತೆ."

ಮಾವ ಸ್ವಲ್ಪ ಹೊತ್ತು ಸುಮ್ನಿದ್ರು. "ಅಲ್ಲೂ ವಂಡರ್‌ಲಾ ಐತಾ?"

"ಇದೆ" ಅಂದ, ಬಲು ಸಣ್ಣ ದನೀಲಿ.

"ಹಂಗಾದ್ರೆ ಹೋಗ್ತಾ ಲೇಪಾಕ್ಷೀನೂ ಸೇರ್ಸು. ಅಲ್ಲಿ ಒಂದು ಕಂಬ ನೆಲ ಮುಟ್ಟಲ್ವಂತೆ, ನೋಡ್ಬೇಕು."

ಡ್ರೈವರು ಕನ್ನಡಿಯಲ್ಲಿ ನನ್ನ ನೋಡಿ, "ಅಕ್ಕ, ಅದಕ್ಕೂ ನನಗೇ ಹೇಳಿ, ಹೊರಗಡೆ ಗಾಡಿ ಮಾಡ್ಬೇಡಿ" ಅಂದ.